ಗೇಟಿನ ಬಳಿಯ ತಗಡಿನ ಪೆಟ್ಟಿಗೆ

ಬಂಡೆ ಸಿಡಿಸುವ ಮದ್ದಿಗೆ ಕಿಡಿ ಕೊಡುವ ಕರೆಂಟ್ ಕೇಪಿನ ಎರಡು ತಂತಿಗಳ ಹೊಸೆತ ಬಿಚ್ಚಿ ಬರಿ ತುದಿಗಳನ್ನು ಬೇರೆ ಮಾಡಿದ್ದೇ ತಡ, ಮದ್ದಿನವನ ಅಂಗಿಯ ಜೇಬಿನಲ್ಲಿ ಮೊಬೈಲು ಗುರುಗುಟ್ಟತೊಡಗಿತು. ಕಾಲಬುಡದ ಕುಳಿಯ ತುಂಬ ಮದ್ದಿತ್ತು. ಫೋನಿನ ಅಲೆಯಿಂದ ಆ ತಂತಿಗೆ ಒಂದಿಷ್ಟು ಕರೆಂಟು ಹತ್ತಿದರೂ ಕೇಪು ಸಿಡಿಯಬಹುದು. ಅದಕ್ಕೆಂದೇ ಕ್ವಾರಿಯವರೆಲ್ಲ ಫೋನುಗಳನ್ನು ಗೇಟಿನ ಬಳಿಯ ತಗಡಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಬರುತ್ತಿದ್ದರು. ಅವನೂ ಇಡುತ್ತಿದ್ದ. ಹೆಂಡತಿ ತೀರಿಹೋದಮೇಲೆ ಅದಕ್ಕೊಂದು ಕರೆ ಬಂದದ್ದಿಲ್ಲ. ಅದು ಜೇಬಿನಲ್ಲಿರುವುದೇ ಅವನಿಗೆ ಮರೆತುಹೋಗಿತ್ತು.

ಉಸಿರು ಬಿಗಿಹಿಡಿದು ತುದಿಗಳನ್ನು ಮತ್ತೆ ಒಂದಕ್ಕೊಂದು ಹೊಸೆದ. ಕೆಂಪು ಬಾವುಟ ದಾಟಿ ಬಹಳ ದೂರ ನಡೆದ. ಅಷ್ಟರಲ್ಲಿ ನಿಂತಿದ್ದ ಫೋನು ಮತ್ತೆ ಗುರುಗುಟ್ಟಿತು. ಎತ್ತಿದ.

"ಗ್ಯಾಸ್ ಅಂಗಡೀನಾ?" ಯಾರೋ ಹೆಂಗಸಿನ ದನಿ.

"ಅಲ್ಲಮ್ಮಾ, ರಾಂಗ್ ನಂಬರು."

ಅವಳು ಇಟ್ಟಮೇಲೂ ಅವನು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ. ಮೇಸ್ತ್ರಿ ಏದುಸಿರು ಬಿಡುತ್ತ ಓಡಿಬಂದ.

"ತಲೆ ನೆಟ್ಟಗಿದೆಯೇನಯ್ಯಾ ನಿಂಗೆ? ಬತ್ತಿ ಹಚ್ಚಿ ಓಡ್ತಿದ್ದ ಕಾಲ ಅನ್ಕೊಂಡ್ಯಾ ಇದು? ಎಲ್ರನ್ನೂ ಮೇಲಕ್ಕೆ ಕಳಿಸ್ತಿದ್ದೆ! ಯಾರದು ಅಂಥಾ ಅರ್ಜೆಂಟ್ ಫೋನು?"

"ಮನೆಯಿಂದ."

ಮೇಸ್ತ್ರಿ ಬೈಯಲು ತೆರೆದ ಬಾಯಿ ಮುಚ್ಚಿದ. ಇವನ ಹೆಂಡತಿಯ ಮಣ್ಣಿಗೆ ಅವನೂ ಹೋಗಿದ್ದ.

ಮದ್ದಿನವನು ಗೇಟಿನ ತನಕ ಹೋಗಿ, ಎಲ್ಲರ ಫೋನುಗಳ ಮೇಲೆ ತನ್ನದನ್ನೂ ಇಟ್ಟ. ಮುಚ್ಚಳ ಹಾಕುವ ಮುಂಚೆ ಏನೋ ನೆನಪಾಗಿ ಮತ್ತೆ ಕೈಗೆತ್ತಿಕೊಂಡು, ಅದರ ಸದ್ದನ್ನು ಪೂರ್ತಿ ಏರಿಸಿದ.