ಗೆಲ್ಲಿಸದ ಕೋಚ್

ಏರಿಯಾಕ್ಕೆ ಹೊಸದಾಗಿ ಬಂದಿದ್ದ ಇಮ್ತಿಯಾಜ್‌ಗೆ ಫುಟ್‌ಬಾಲ್ ನೋಡುತ್ತ ನೋಡುತ್ತ ರೇಗಿಹೋಯಿತು. "ತಾತ, ಒಂದು ಮ್ಯಾಚೂ ಗೆಲ್ಲಿಸ್ದಿರೋ ಈ ಕೋಚ್‌ನ ಕ್ಲಬ್‌ನೋರು ಯಾಕೆ ಇನ್ನೂ ಇಟ್ಕೊಂಡಿದ್ದಾರೆ?"

"ಒಳ್ಳೇ ಮನುಷ್ಯ ಕಣಪ್ಪ. ನಮ್ಮನ್ನೆಲ್ಲ ಕಾಪಾಡ್ಕೊಂಡು ಬಂದಿದ್ದಾನೆ," ಎಂದ ಪಕ್ಕದ ಮುದುಕ.

"ಸೋಲೋದ್ರಲ್ಲಿ ಕಾಪಾಡೋದೇನ್ ಬಂತು? ಮುಂಚೆ ಇದ್ದೋನೂ ಹಿಂಗೇನಾ?"

"ಅವನು ಗೆಲ್ಲಿಸ್ತಿದ್ದ. ನಾವೇ ಹೋಗಿ ತೆಗೆಸಿದ್ವಿ."

ಆಟ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಇನ್ನೂ ಒಂದೂ ಗೋಲ್ ಆಗಿರಲಿಲ್ಲ. ಗ್ಯಾಲರಿಯ ಹಳಬರೆಲ್ಲ ತುಟಿ ಬಿಗಿದು, ಕೂತ ಕಲ್ಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಏರಿಯಾ ಕ್ಲಬ್‌ನವನೊಬ್ಬನ ಮೊಣಕಾಲಿಗೆ ತಾಗಿದ ಚೆಂಡು ಎದುರಾಳಿಯ ಬಲೆಗೆ ಬಿತ್ತು.

"ಗೋಲ್!" ಇಮ್ತಿಯಾಜ್ ಎಗರಿ ನಿಂತು ಕಿರುಚಿದ. ಬೇರೆ ಯಾರೂ ಏಳಲಿಲ್ಲ. ರೆಫ್ರಿ ಕೊನೆಯ ಸೀಟಿ ಊದಿದ.

ಮುದುಕ ಅವನ ಕೈ ಹಿಡಿದು ಕೂರಿಸಿದ. "ಇಲ್ಲಿ ಗೆದ್ದಾಗೆಲ್ಲ, ಮೊದಲು ಎದ್ದು ಕೂಗಿದೋನು ಮಾರನೇ ದಿನದ ಬೆಳಕು ನೋಡಿಲ್ಲ ಮಗ. ನಿಮ್ಮನೇಲಿ ಯಾರ್ಯಾರಿದ್ದಾರೆ?"