ಜೋಡಿ ತೂಕ

ಮಾಗಿಯ ಚಳಿ ಶುರುವಾಗಿತ್ತು. ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲೇ, ಅಕ್ಕ ಕಲ್ಲವ್ವ ತಂಗಿ ನಿಂಬೆವ್ವನ ತಟ್ಟೆಯಲ್ಲಿದ್ದ ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

"ನೀ ಇಳಿದಷ್ಟೂ ನಾ ಏರಬಹುದು, ತಂಗಿ."

ಅಕ್ಕತಂಗಿ ಜೋಡಿಯಾಗಿ ಇಳಿಯಲಿದ್ದ ವಿಡಿಯೋ ಗೇಮಿನ ಪಂದ್ಯದಲ್ಲಿ ಆಡುವವರ ಮೈಭಾರವೇ ಪರದೆಯೊಳಗಿನ ಏಟಿನ ಭಾರ. ಆದರೆ ಜೋಡಿ ಸೇರಿ ಒಂದೂವರೆ ಕ್ವಿಂಟಲ್ ದಾಟುವಂತಿಲ್ಲ. ಅಕ್ಕ ಬೆಣ್ಣೆ ತಿಂದಳು, ತಂಗಿ ನೀರುಮಜ್ಜಿಗೆ ಕುಡಿದು ಹೊಟ್ಟೆ ಕಟ್ಟಿದಳು. ಕೈಬಳೆ ಮೊಣಕೈಗೆ ಜಾರಿದರೂ ಅವಳಿಗೆ ಬೇಸರವಿರಲಿಲ್ಲ. ಅಕ್ಕನ ಜೋಡಿಯಾಗಿ ಆಡುವುದೊಂದೇ ಅವಳ ಆಸೆ.

ಹೋಳಿ ಹಬ್ಬಕ್ಕೆ ಮುಂಚಿನ ಸೋಮವಾರ ಗರಡಿಯಲ್ಲಿ ತೂಕ. ಜೋಡಿಯನ್ನು ಬಿಡಿಸಿ ತೂಗುವುದು ಅಪಶಕುನವೆಂದು ಇಬ್ಬರನ್ನೂ ಒಟ್ಟಿಗೇ ತಕ್ಕಡಿ ಹತ್ತಿಸುತ್ತಾರೆ. ಹತ್ತಿದರು. ನಾಲ್ಕು ಕಿಲೋ ಹೆಚ್ಚು ಬಂತು.

ಗರಡಿಯ ಉಸ್ತಾದ ಮೌಲಾಸಾಬ ನಿಂಬೆವ್ವನ ಕಡೆ ತಿರುಗಿದ. "ಕದ್ದು ತಿಂದೀಯೇನವಾ?"

"ಇಲ್ರಿ. ಅಕ್ಕನ್ನ ಕೇಳ್ರಿ."

ಕಲ್ಲವ್ವ ತಂಗಿಯ ಮುಖ ನೋಡಲಿಲ್ಲ. "ಸಣ್ಣಾಕಿ, ಹಸಿವು ತಡೀಲಿಕ್ಕೆ ಆಗಿಲ್ಲ. ಬಯ್ಯಬ್ಯಾಡ್ರಿ."

ಅಷ್ಟರಲ್ಲಿ ಬಾಗಿಲ ಹತ್ತಿರವಿದ್ದ ಕಡ್ಡಿಯಂಥ ಹುಡುಗಿಯೊಬ್ಬಳು ಮುಂದೆ ಬಂದಳು. ಮೈಮೇಲೆ ಕಲ್ಲವ್ವನ ಅಂಗಿಯಂಥದೇ ಹಸಿರು ಅಂಗಿ, ಆ ಹುಡುಗಿಯ ಅಳತೆಗೇ ಹೊಲಿಸಿದ್ದು, ಎದೆಯ ಮೇಲೆ ಅವಳದೇ ಹೆಸರು. ಅದು ನಿನ್ನೆ ಮೊನ್ನೆ ಹೊಲಿಯಲು ಕೊಟ್ಟದ್ದಲ್ಲ. ತನ್ನನ್ನು ಜೋಡಿಯಿಂದ ತೆಗೆಸಲು ಅಕ್ಕ ಬೇಕಂತಲೇ ಹೆಚ್ಚು ಉಂಡಿದ್ದಾಳೆಂದು ನಿಂಬೆವ್ವನಿಗೆ ಆಗ ತಿಳಿಯಿತು.

"ಕೇಳಿದ್ದರ ನಾನೇ ಬಿಟ್ಟುಕೊಡ್ತಿದ್ದೆ, ಅಕ್ಕಾ. ನನ್ನ ಕಳ್ಳಿ ಯಾಕ ಮಾಡಿದಿ?"

ಕಲ್ಲವ್ವ ಆ ಹುಡುಗಿಯ ಜೊತೆ ತಕ್ಕಡಿ ಹತ್ತಿದಳು. ತೂಕ ಸರಿಯಾಗಿ ಕೂತಿತು. ಆ ಸೋಮವಾರ ಮಧ್ಯಾಹ್ನದ ಗಾಡಿಗೇ ಅವರಿಬ್ಬರೂ ಪಂದ್ಯಕ್ಕೆ ಹೋದರು.