ದೆವ್ವಕ್ಕೆ ಅರ್ಧ ನಕ್ಷತ್ರ

ಅರ್ಧ ನಕ್ಷತ್ರ ಕೊಟ್ಟರೂ ಹೆಚ್ಚಾಯಿತೇನೋ ಎಂದು ಪರಶಿವನಿಗೆ ಅನುಮಾನ. ಹನ್ನೆರಡು ವರ್ಷಗಳಿಂದ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದ ಅವನ ಕೈಯಲ್ಲಿ ಒಂದೇ ಒಂದು ದೆವ್ವದ ಚಿತ್ರವೂ ಬದುಕಿ ಉಳಿದಿರಲಿಲ್ಲ. ಪತ್ರಕರ್ತರ ಪ್ರದರ್ಶನ ಮುಗಿದು, ನಿರ್ಮಾಪಕರ ಲೆಕ್ಕದ ಬೋಂಡಾ ತಿನ್ನುತ್ತಾ ನಿಂತಿದ್ದಾಗ ಹೊಸ ನಿರ್ದೇಶಕ ಹತ್ತಿರ ಬಂದ.

"ಸಾರ್, ನಾಳೆ ನಿಮ್ಮ ವಿಮರ್ಶೆ ನೋಡ್ಕೊಂಡೇ ಟಾಕೀಸಿನೋರು ಷೋ ಉಳಿಸೋದು. ಹೇಗಿತ್ತು?"

"ಇದನ್ನ ನೋಡಿ ತೊಟ್ಟಿಲ ಮಗೂನೂ ಹೆದರಲ್ಲ ಕಣ್ರೀ."

"ದೆವ್ವಾನೂ ಹಿಡಿಸ್ಲಿಲ್ವಾ ಸಾರ್? ಅದೊಂದಕ್ಕೇ ಮೂರು ತಿಂಗಳು ಒದ್ದಾಡಿದ್ವಿ."

"ಏನು ಒದ್ದಾಡಿದ್ರೋ! ಅದೇ ಸವಕಲು ಮುಖ, ಅದೇ ಕೆಂಪು ಕಣ್ಣು, ಅದೇ ಕೋರೆಹಲ್ಲು. ನೋಡಿ ನೋಡಿ ವಾಕರಿಕೆ ಬಂದಿದೆ."



"ಸಾರ್, ನಮ್ಮ ದೆವ್ವಕ್ಕೆ ಮುಖಾನೇ ಇಲ್ವಲ್ಲ."

ಪರಶಿವ ಕೈ ಒರೆಸಿಕೊಂಡು ಹೊರಟುಬಿಟ್ಟ. ಮರುದಿನ ಅರ್ಧ ನಕ್ಷತ್ರವೇ ಅಚ್ಚಾಯಿತು; ಸೋಮವಾರದ ಹೊತ್ತಿಗೆ ಚಿತ್ರ ಎತ್ತಂಗಡಿಯಾಯಿತು. ಈ ಹನ್ನೆರಡು ವರ್ಷವೂ ದೆವ್ವ ಬರುವ ಹೊತ್ತಿಗೆ ತಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಕೂರುತ್ತಿದ್ದೆನೆಂದು ಅವನು ಯಾರಿಗೂ ಹೇಳಲಿಲ್ಲ.